ಒದ್ದೆ ಕೈ, ಹಳೆ ಫೋನು, ಬಾರದ ಓಟಿಪಿ

ಕುಮಟೆಯ ಗೇರುಬೀಜದ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸಿನ ಬೆರಳು ರೇಶನ್ ಅಂಗಡಿಯ ಯಂತ್ರಕ್ಕೆ ಕಾಣುವುದಿಲ್ಲ. ಬಲಗೈ ಹೆಬ್ಬೆಟ್ಟು ಇಡುತ್ತಾಳೆ, ಹೊಂದುವುದಿಲ್ಲ. ಎಡಗೈಯದ್ದು ಇಡುತ್ತಾಳೆ, ಅದೂ ಹೊಂದುವುದಿಲ್ಲ. ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತವಳು "ತಲೆಗೆ ತಿಕ್ಕೇ ಮಾರಾಯ್ತಿ" ಅನ್ನುತ್ತಾಳೆ. ಕೂದಲಿಗೆ ತಿಕ್ಕಿ ಇಟ್ಟರೆ ಎಷ್ಟೋ ಸಲ ಬರುತ್ತದೆ. ಸೊಸೈಟಿಯ ಹುಡುಗ ಅಕ್ಕಿ ತೂಗುತ್ತಾನೆ.

ಈ ತಲೆಗೆ ತಿಕ್ಕುವುದರ ಹಿಂದೆ ಸರಿಯಾದ ವಿಜ್ಞಾನವೇ ಇದೆ. ಬೆರಳಚ್ಚು ಅಂದರೆ ಚರ್ಮದ ಏರುತಗ್ಗುಗಳ ನಕ್ಷೆ. ಏರು ಗಾಜಿಗೆ ತಾಗಬೇಕು, ತಗ್ಗು ತಾಗಬಾರದು. ಯಂತ್ರ ಓದುವುದು ಆ ವ್ಯತ್ಯಾಸವನ್ನು ಮಾತ್ರ. ಒಣಗಿದ ಚರ್ಮದ ಏರು ಗಾಜಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಗೆರೆ ತುಂಡುತುಂಡಾಗಿ ಕಾಣುತ್ತದೆ. ಕೂದಲಿನ ಎಣ್ಣೆಪಸೆ ತಾಗಿದರೆ ಗೆರೆ ಕೂಡಿಕೊಳ್ಳುತ್ತದೆ. ಅದೇ ಪಾತ್ರೆ ತೊಳೆದ ಒದ್ದೆ ಕೈ ಹಾಗೇ ಇಟ್ಟರೆ ತಗ್ಗುಗಳೂ ನೀರು ತುಂಬಿ ಎಲ್ಲವೂ ಒಂದೇ ಕಪ್ಪು ಕಲೆ. ಇನ್ನು ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ಚರ್ಮ ಸುಡುವ ವಸ್ತುಗಳಿವೆ, ದಿನವೂ ತಾಗಿದರೆ ಗೆರೆಯೇ ಸವೆಯುತ್ತದೆ. ಅಡಿಕೆ ಸುಲಿಯುವ ಕೈ, ಸೋಪಿನ ನೀರಲ್ಲಿ ದಿನವೂ ನೆನೆಯುವ ಕೈ, ವಯಸ್ಸಾದ ಕೈ, ಇವುಗಳ ಪಾಡೂ ಹೆಚ್ಚು ಬೇರೆಯಲ್ಲ. ಸವೆದದ್ದು ಮೇಲ್ಪದರ ಮಾತ್ರವಾದರೆ ಸುಮಾರು ತಿಂಗಳು ಕೈಗೆ ವಿಶ್ರಾಂತಿ ಕೊಟ್ಟರೆ ಗೆರೆ ಮತ್ತೆ ಮೂಡುತ್ತದೆ ಎನ್ನುತ್ತಾರೆ ತಿಳಿದವರು. ತಿಂಗಳು ಕೈಗೆ ವಿಶ್ರಾಂತಿ!

ಆಧಾರ್ ಮಾಡಿಸುವಾಗ ಹತ್ತೂ ಬೆರಳು ತೆಗೆದುಕೊಂಡಿರುತ್ತಾರೆ. ಯಾವ ಬೆರಳಾದರೂ ಆದೀತು, ಯಾರಿಗೆ ಯಾವ ಬೆರಳು ಚೆನ್ನಾಗಿ ಬರುತ್ತದೆ ಎಂದು ಪರೀಕ್ಷಿಸಿ ಗುರುತು ಹಾಕಿಕೊಳ್ಳುವ ವ್ಯವಸ್ಥೆಯೂ ಆಧಾರ್‌ನಲ್ಲೇ ಇದೆ. ಆದರೆ ನಮ್ಮಲ್ಲಿ ಎಲ್ಲರೂ ಹೆಬ್ಬೆಟ್ಟನ್ನೇ ಒತ್ತುತ್ತಾರೆ, ಅಭ್ಯಾಸಬಲ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಲಾಟೀನು ಹಿಡಿದು ಹೋಗಿ ಸಹಿ ಹಾಕಲು ಕಲಿತವರು ಈ ತಲೆಮಾರು. ಇನ್ನು ಮೇಲೆ ಹೆಬ್ಬೆಟ್ಟು ಒತ್ತುವ ಅವಮಾನವಿಲ್ಲ ಎಂದುಕೊಂಡಿದ್ದರು. ಈಗ ಅವರ ಸಹಿ ಯಾರಿಗೂ ಬೇಡ, ಎಂ.ಎ. ಓದಿದ ಸೊಸೆಯೂ ಅವರ ಜೊತೆ ನಿಂತು ಬೆರಳು ಒತ್ತುತ್ತಾಳೆ.

ಟೆಕ್ನಾಲಜಿಯಲ್ಲಿ ಆಸಕ್ತಿ ಇರುವ ಹೆಂಗಸರು ಎಂದ ಕೂಡಲೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಕುಳಿತವಳ ಚಿತ್ರ ಬರುತ್ತದೆ. ಅವಳೂ ನಮ್ಮವಳೇ, ಇದೇ ಕುಮಟೆ ಸೀಮೆಯ ಸಂತೆಗುಳಿಯಿಂದ ಹೋದವಳೇ. ಆದರೆ ಇಲ್ಲೇ ಉಳಿದವರ ಆಸಕ್ತಿ ಇನ್ನೂ ತೀವ್ರವಾದದ್ದು ಎಂದು ನನ್ನ ಅಂದಾಜು, ಯಾಕೆಂದರೆ ಇವರಿಗೆ ಕೆಟ್ಟರೆ ಕರೆಯಲು ಐಟಿ ವಿಭಾಗ ಇಲ್ಲ. ನಮ್ಮ ಮನೆಗಳಲ್ಲಿ ಫೋನು ಆರಿಸುವುದು, ಬಿಲ್ಲು ಕೊಡುವುದು ಗಂಡಸರ ಕೆಲಸ. ಅದನ್ನು ನಡೆಸುವುದು ಹೆಂಗಸರದ್ದು: ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಮಗಳ ಸ್ಕಾಲರ್‌ಶಿಪ್ಪು, ಅತ್ತೆಯ ಪಿಂಚಣಿಯ ಜೀವಿತ ಪ್ರಮಾಣಪತ್ರ, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತೋಟದ ಫೋಟೊ. ಅವರ ಗೊಣಗಾಟ ಕಿವಿಗೊಟ್ಟು ಕೇಳಿದರೆ ಯಾವ ಕಂಪನಿಯೂ ದುಡ್ಡು ಕೊಟ್ಟು ಬರೆಸಿಕೊಳ್ಳಬೇಕಾದಷ್ಟು ಖಚಿತವಾಗಿರುತ್ತದೆ.

ಮೊದಲ ಗೊಣಗಾಟ ಫೋನಿನದ್ದೇ. ಹೊಸ ಫೋನು ಮನೆಗೆ ಬಂದರೆ ಮಗನಿಗೆ. ಮಗನ ಹಳೆಯದು ಅಪ್ಪನಿಗೆ. ಅಪ್ಪನ ಕೈಯಲ್ಲಿ ತೋಟದ ಕಟ್ಟೆ ಮೇಲೆ ಬಿದ್ದು ಗಾಜು ಒಡೆದದ್ದು ಅಮ್ಮನಿಗೆ. ಹಾಗಾಗಿ ಅಮ್ಮನಿಗೆ ಸಿಗುವುದು ಸ್ಟೋರೇಜ್ ತುಂಬಿದ, ಬ್ಯಾಟರಿ ಉಬ್ಬಿದ, ಕಂಪನಿ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದ ಫೋನು. ಒಂದು ಬೆಳಿಗ್ಗೆ ಬ್ಯಾಂಕಿನ ಆ್ಯಪು "ಈ ಸಾಧನದಲ್ಲಿ ಕೆಲಸ ಮಾಡುವುದಿಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಅಮ್ಮ ತಾನು ಏನೋ ಒತ್ತಿ ಹಾಳುಮಾಡಿದೆ ಎಂದುಕೊಳ್ಳುತ್ತಾಳೆ. ಅವಳು ಏನೂ ಮಾಡಿಲ್ಲ. ಹಳೆಯ ಆಂಡ್ರಾಯ್ಡ್‌ಗೆ ಸುರಕ್ಷತಾ ರಿಪೇರಿಗಳು ಬರುವುದು ನಿಂತ ಮೇಲೆ ಕಳ್ಳರಿಗೆ ಅದು ಸುಲಭ, ಅದಕ್ಕೇ ಬ್ಯಾಂಕುಗಳು ಕೈಬಿಡುತ್ತವೆ. ತಾಯಂದಿರಿಗೆ ಕೊಡಬೇಕಾದದ್ದು ಹೊಸ ಫೋನು, ಹುಡುಗರಿಗೆ ಹಳೆಯದು. ಅವರಾದರೂ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದರೂ ಎಲ್ಲರೂ ನಗುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ದೇಶದಲ್ಲಿ ಶೇ. 54. ಇಂಟರ್ನೆಟ್ಟನ್ನು ಎಂದಾದರೂ ಬಳಸಿದವರು ಹೆಂಗಸರಲ್ಲಿ ಶೇ. 33, ಗಂಡಸರಲ್ಲಿ ಶೇ. 57. ಆಮೇಲೆ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಬಂತು, 2023ರ ಆಗಸ್ಟ್ 30ಕ್ಕೆ. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ. ಆ ಹಣ ಏನೇನು ಮಾಡಿತು ಎಂಬ ರಾಜಕೀಯ ಚರ್ಚೆ ಇರಲಿ, ಒಂದು ಕೆಲಸವನ್ನಂತೂ ಕಣ್ಣಾರೆ ಕಂಡಿದ್ದೇನೆ: ತನ್ನ ಖಾತೆಗೆ ತನ್ನದೇ ನಂಬರು ಜೋಡಿಸಬೇಕು ಎಂದು ಹಠ ಹಿಡಿಯುವ ಹೆಂಗಸರು ಹೆಚ್ಚಾದರು. ಆಧಾರ್ ಸೀಡಿಂಗ್, ಇ-ಕೆವೈಸಿ, ಎನ್‌ಪಿಸಿಐ ಮ್ಯಾಪಿಂಗ್ ಎಂಬ ಶಬ್ದಗಳು ಬಾವಿಕಟ್ಟೆಯ ಮಾತಾದವು. ಮೆಸೇಜು ಇಂಗ್ಲಿಷಿನಲ್ಲಿ ಬಂದರೂ ಅಂಕಿ ಓದಲು ಯಾರ ಸಹಾಯವೂ ಬೇಡ. ಆ ಎರಡು ಸಾವಿರದಲ್ಲಿ ಫೋನಿನ ಕಂತು ಕಟ್ಟಿದವರೂ ಇದ್ದಾರೆ.

ನಂಬರು ಯಾರದ್ದು ಎಂಬುದು ನಮ್ಮ ಈ ಸೀಮೆಯಲ್ಲಿ ಸಣ್ಣ ವಿಷಯ ಅಲ್ಲ. ಆಧಾರ್‌ಗೆ ಗಂಡನ ನಂಬರು ಕೊಟ್ಟಿರುತ್ತಾರೆ. ಗಂಡ ಕುಮಟೆಯ ಕಡಲಲ್ಲಿ ಬೋಟಿನ ಮೇಲೆ ಇರುತ್ತಾನೆ, ಅಥವಾ ಬೆಂಗಳೂರಿನ ಹೋಟೆಲ್ಲಿನಲ್ಲಿ, ಭಟ್ಕಳದ ಕಡೆಯವರಾದರೆ ದುಬೈಯಲ್ಲಿ. ದುಬೈಗೆ ಹೋದವನ ಇಂಡಿಯಾ ಸಿಮ್ಮಿಗೆ ರೀಚಾರ್ಜ್ ಇಲ್ಲದೆ ತಿಂಗಳುಗಳಾಗಿರುತ್ತವೆ. ಹೆಂಡತಿ ಗ್ರಾಮ ಪಂಚಾಯ್ತಿಯ ಕೌಂಟರಿನ ಎದುರು ನಿಂತು ವಾಟ್ಸ್ಆ್ಯಪ್ ಕಾಲಿನಲ್ಲಿ "ಬಂತಾ? ಬಂತಾ?" ಎಂದು ಕೇಳುತ್ತಾಳೆ. ಅತ್ತಲಿಂದ "ಬೈಂದಿಲ್ಲೆ". ಕೌಂಟರಿನವರು ಮುಂದಿನವರನ್ನು ಕರೆಯುತ್ತಾರೆ.

ನಂಬರು ತನ್ನದೇ ಆಗಿದ್ದರೂ ಓಟಿಪಿ ಮನೆಯೊಳಗೆ ಬರಬೇಕಲ್ಲ. ಇಲ್ಲಿ ಒಂದು ಭೂಗೋಳದ ಪಾಠ ಇದೆ. ನಮ್ಮ ಅಜ್ಜಂದಿರು ತೋಟ ಮಾಡಿದ್ದು ಕಣಿವೆಯ ತಳದಲ್ಲಿ, ಹಳ್ಳದ ನೀರು ನೋಡಿ. ಮನೆ ಕಟ್ಟಿದ್ದು ತೋಟದ ತಲೆಗೆ. ಮೇಲೆ ಸೊಪ್ಪಿನ ಬೆಟ್ಟ. ಮೊಬೈಲಿನ ಅಲೆಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಹೋಗುವಂಥವು. ಗುಡ್ಡ ಅಡ್ಡ ಬಂದರೆ ಅದರ ನೆರಳಿನಲ್ಲಿ ಇರುವ ಮನೆಗೆ ಸಿಗುವುದು ಚೂರುಪಾರು. ಅದರ ಮೇಲೆ ಮಳೆಗಾಲದ ಒದ್ದೆ ಎಲೆಗಳು ಇನ್ನಷ್ಟು ಹೀರಿಕೊಳ್ಳುತ್ತವೆ. ಅಡಿಕೆಗೆ ಒಳ್ಳೆಯ ಜಾಗ ನೆಟ್‌ವರ್ಕಿಗೆ ಕೆಟ್ಟ ಜಾಗ ಎಂಬುದನ್ನು ಪಂಚಾಯ್ತಿ ಸಭೆಯಲ್ಲಿ ಒಬ್ಬರಾದರೂ ಹೀಗೆ ಬಿಡಿಸಿ ಹೇಳಿದ್ದರೆ ಟವರಿನ ಜಾಗದ ಬಗ್ಗೆ ಅಷ್ಟು ಜಗಳ ಆಗುತ್ತಿರಲಿಲ್ಲ.

ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಓಟಿಪಿ ಜಾಗ ಇರುತ್ತದೆ. ಕೆಲವರಿಗೆ ಜಗಲಿಯ ಮೂಲೆಯ ಕಂಬ, ಕೆಲವರಿಗೆ ಅಟ್ಟದ ಕಿಟಕಿ, ಹಲವರಿಗೆ ದಣಪೆ ದಾಟಿ ಏರಿ ಹತ್ತಿದ ಮೇಲೆ. ಮೆಸೇಜಿಗೆ ಇಂಟರ್ನೆಟ್ ಬೇಡ. ಫೋನು ಮತ್ತು ಟವರು ತಮ್ಮೊಳಗೆ ಲೆಕ್ಕಪತ್ರ ಮಾತಾಡಿಕೊಳ್ಳುವ ದಾರಿಯಲ್ಲೇ ಅದು ಬರುತ್ತದೆ, ಒಂದೇ ಕಡ್ಡಿ ಇದ್ದರೂ ಸಾಕು. ಫೋನು ಸಿಗದಿದ್ದರೆ ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಸಿಕ್ಕ ಕೂಡಲೆ ಬಂದು ಬೀಳುತ್ತದೆ. ಮನೆಯೊಳಗೆ ಕುಳಿತು ಮೂರು ಸಲ ಒತ್ತಿ ಏರಿ ಹತ್ತಿದವಳಿಗೆ ಮೂರೂ ಒಟ್ಟಿಗೆ ಟಣ್ ಟಣ್ ಎನ್ನುವುದು ಅದಕ್ಕೇ. ಮೂರರಲ್ಲಿ ಸಾಮಾನ್ಯವಾಗಿ ನಡೆಯುವುದು ಕೊನೆಯದ್ದು. ಆದರೆ ಅದನ್ನು ಹಾಕಬೇಕಾದ ಕಂಪ್ಯೂಟರು ಕೆಳಗೆ ಮನೆಯಲ್ಲಿದೆ, ಅವಧಿ ಕೆಲವೇ ನಿಮಿಷ. ಅವಳು ಮೇಲಿನಿಂದ ಆರು ಅಂಕಿ ಕೂಗುತ್ತಾಳೆ, ಮಗ ಕೆಳಗೆ ಒತ್ತುತ್ತಾನೆ. ಓಟಿಪಿ ಯಾರಿಗೂ ಹೇಳಬೇಡಿ ಎಂಬ ಬ್ಯಾಂಕಿನ ಎಚ್ಚರಿಕೆ ಇಡೀ ಕೇರಿಗೆ ಕೇಳಿಸುತ್ತದೆ.

ಕರೆಂಟಿನ ಕಥೆ ಹೇಳದೆ ಉತ್ತರ ಕನ್ನಡದ ಯಾವ ಬರಹವೂ ಮುಗಿಯುವುದಿಲ್ಲ. ನಮ್ಮದೇ ಜಿಲ್ಲೆಯ ಕೈಗಾ ಅಣು ವಿದ್ಯುತ್ ಕೇಂದ್ರದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಪಕ್ಕದ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ 240 ಮೆಗಾವ್ಯಾಟಿನ ಕೇಂದ್ರ ಇದೆ. ನಮ್ಮ ಮನೆಯ ದೀಪ ಜೂನ್ ತಿಂಗಳಲ್ಲಿ ಒಂದು ಧಾರಾವಾಹಿಯ ಕಂತು ಮುಗಿಯುವ ತನಕ ನಿಂತರೆ ಪುಣ್ಯ. ಉತ್ಪಾದನೆಗೂ ಇದಕ್ಕೂ ಸಂಬಂಧ ಇಲ್ಲ; ತಂತಿ ಕಾಡಿನ ನಡುವೆ ಬರುತ್ತದೆ, ಒಂದು ಟೊಂಗೆ ಬಿದ್ದರೆ ಸಾಕು, ಲೈನ್‌ಮನ್ ಆ ಮಳೆಯಲ್ಲಿ ತಂತಿ ಹಿಡಿದುಕೊಂಡೇ ಹುಡುಕುತ್ತ ಬರಬೇಕು. ಕರೆಂಟು ಹೋದ ಕೆಲವು ತಾಸಿಗೆ ಟವರಿನ ಬ್ಯಾಟರಿಯೂ ಕೂರುತ್ತದೆ. ಆಮೇಲೆ ಫೋನು ಬರೀ ಟಾರ್ಚು.

ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಸೊಸೆಯಂದಿರು ಈ ಕರೆಂಟಿನ ವಿಷಯದಲ್ಲಿ ಒಂದು ಉಪಕಾರ ಮಾಡಿದರು. ಮನೆಮನೆಗೆ ಇನ್ವರ್ಟರ್ ಬಂತು, ಅದರ ಮೊದಲ ಹಕ್ಕು ಫ್ಯಾನಿಗೂ ಅಲ್ಲ ಟಿವಿಗೂ ಅಲ್ಲ, ವೈಫೈ ರೌಟರಿಗೆ. ಸಿಡಿಲಿನ ಪಾಠವೂ ಅವರಿಂದಲೇ. ಹಳೇ ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲು ಎರಡು ದಾರಿಯಲ್ಲಿ ಒಳಗೆ ಬರುತ್ತಿತ್ತು, ಕರೆಂಟಿನ ತಂತಿಯಿಂದಲೂ ಫೋನಿನ ತಂತಿಯಿಂದಲೂ. ಫೈಬರಿನ ಒಳಗಿನ ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಹಾಗಾಗಿ ಈಗ ಮುಖ್ಯವಾಗಿ ಕಾಯಬೇಕಾದದ್ದು ಅಡಾಪ್ಟರನ್ನು. ಗುಡುಗು ಕೇಳಿದ ಕೂಡಲೆ ಅತ್ತೆ ಅಂಗಳದ ಹಪ್ಪಳ ಎತ್ತಲು ಓಡಿದರೆ ಸೊಸೆ ಪ್ಲಗ್ ಕೀಳಲು ಓಡುತ್ತಾಳೆ. ಮೀಟಿಂಗಿನಲ್ಲಿದ್ದ ಪುಣೆಯ ಮ್ಯಾನೇಜರಿಗೆ ಅವಳು ಎಲ್ಲಿ ಮಾಯವಾದಳು ಎಂದು ತಿಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಊರಿನ ನಿಜವಾದ ಟೆಕ್ಕಿಗಳು ಬೇರೆ ಇದ್ದಾರೆ: ಅಂಗನವಾಡಿ ಕಾರ್ಯಕರ್ತೆ, ಆಶಾ, ಪ್ರಾಥಮಿಕ ಶಾಲೆಯ ಅಕ್ಕೋರು, ಸ್ವಸಹಾಯ ಸಂಘಗಳ ಪುಸ್ತಕ ಬರೆಯುವವಳು. ಇವರ ದಿನದ ಕೆಲಸವೇ ಆ್ಯಪು. ಪೋಷಣ್ ಟ್ರ್ಯಾಕರ್ 2021ರ ಮಾರ್ಚ್ 1ಕ್ಕೆ ಬಂತು. ಮಗುವಿನ ತೂಕ, ಎತ್ತರ, ಹಾಜರಿ, ಊಟ ಎಲ್ಲ ಅದರಲ್ಲಿ. ಅಂಗನವಾಡಿಯ ಬಾಗಿಲಲ್ಲಿ ಕುಳಿತು ನೋಡಿದರೆ ಕೆಲಸದ ಸ್ವರೂಪ ತಿಳಿಯುತ್ತದೆ. ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಬೇಕು, ಅದು ಅಳುತ್ತದೆ, ಒಂದು ಕಾಲು ಎತ್ತುತ್ತದೆ, ಅಂಕಿ ಓಡಾಡುತ್ತದೆ. ನಿಂತ ಅಂಕಿಯನ್ನು ಮೊದಲು ರಿಜಿಸ್ಟರಿಗೆ ಬರೆಯಬೇಕು, ಯಾಕೆಂದರೆ ಸುಪರ್‌ವೈಸರ್ ಬಂದರೆ ಕೇಳುವುದು ಪುಸ್ತಕ. ಆಮೇಲೆ ಫೋನಿಗೆ ಹಾಕಬೇಕು, ಯಾಕೆಂದರೆ ಮೇಲಿನವರು ನೋಡುವುದು ಪರದೆ. ಕಾಗದದ ಕೆಲಸ ತಪ್ಪಿಸಲು ಬಂದದ್ದು ಕಾಗದದ ಜೊತೆಗೆ ಸೇರಿಕೊಂಡಿತು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವಿಕೆಯೂ ಕಡ್ಡಾಯ. ಬಾಣಂತಿಯ ಮುಖ ಹಿಡಿಯಬೇಕು, ಮೊದಲ ಸಲ ಆಧಾರ್ ಓಟಿಪಿಯೂ ಬೇಕು. ಓಟಿಪಿ ಮತ್ತೆ ಬೋಟಿನ ಮೇಲಿರುವ ಗಂಡನಿಗೆ. ಆಹಾರದ ಪೊಟ್ಟಣ ಎದುರಿಗೇ ಇದೆ, ಹೆಂಗಸು ಎದುರಿಗೇ ಇದ್ದಾಳೆ, ಅವಳು ಯಾರೆಂದು ಕಾರ್ಯಕರ್ತೆಗೆ ಅವಳು ಹುಟ್ಟಿದಾಗಿನಿಂದ ಗೊತ್ತು. ಫೋನಿಗೆ ಮಾತ್ರ ಗೊತ್ತಾಗಬೇಕು.

ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತಾಗ ಅವರ ಬೇಡಿಕೆ ಗೌರವಧನದ್ದು ಮಾತ್ರ ಆಗಿರಲಿಲ್ಲ. ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನವೂ ಇಲ್ಲ ಎಂಬ ದೂರೂ ಅದರಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು, 60 ಪ್ರಶ್ನೆ, ಎಲ್ಲ ಫೋನಿನಲ್ಲೇ. ಮನೆ ಗುರುತಿಸಲು ಕರೆಂಟ್ ಮೀಟರಿನ ಲೆಕ್ಕ ಹಿಡಿದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಗುಡ್ಡದ ಈಚೆ ಒಂದು ಮನೆ, ಆಚೆ ಒಂದು ಮನೆ ಇರುವ ನಮ್ಮ ಸೀಮೆಯಲ್ಲಿ ಅಕ್ಕೋರುಗಳು ಮಳೆಯಲ್ಲಿ ಕೊಡೆ, ಬ್ಯಾಗು, ಪವರ್ ಬ್ಯಾಂಕು ಹೊತ್ತು ತಿರುಗಿದರು. ಕೆಲವರು ಉತ್ತರಗಳನ್ನು ಕಾಗದದಲ್ಲಿ ಬರೆದುಕೊಂಡು ನೆಟ್‌ವರ್ಕ್ ಸಿಕ್ಕ ಜಾಗದಲ್ಲಿ ತುಂಬಿಸಿದರು. ಇಷ್ಟು ಮಾಡುವವಳನ್ನು ಸಭೆಗಳಲ್ಲಿ "ನಮ್ಮ ಹಳ್ಳಿಯ ಹೆಂಗಸರಿಗೂ ಟೆಕ್ನಾಲಜಿ ಕಲಿಸಬೇಕು" ಎಂದು ಭಾಷಣ ಮಾಡುವವರ ಎದುರು ಕೂರಿಸುತ್ತೇವೆ. ಭಾಷಣಕಾರರ ಪಿಪಿಟಿ ಓಡದಿದ್ದರೆ ಎದ್ದು ಹೋಗಿ ಸರಿಮಾಡಿ ಬರುವವಳೂ ಅವಳೇ.

ಸಂತೋಷಗಳೂ ಕಡಿಮೆ ಇಲ್ಲ. ಎಲ್ಲಕ್ಕಿಂತ ಮೇಲಿನದು ವಾಯ್ಸ್ ಮೆಸೇಜು. ಕನ್ನಡ ಟೈಪಿಂಗು ಕಲಿಯದವರು, ಕನ್ನಡಕ ಸಿಗದವರು, ಕೈಯಲ್ಲಿ ಹಿಟ್ಟು ಮೆತ್ತಿದವರು, ಎಲ್ಲರ ಕಷ್ಟವನ್ನೂ ಆ ಸಣ್ಣ ಮೈಕಿನ ಗುಂಡಿ ಒಂದೇ ಏಟಿಗೆ ಕಳೆಯಿತು. (ಹಿಟ್ಟಿನ ಕೈಗೆ ಪರದೆ ಸ್ಪಂದಿಸದಿರಲು ಕಾರಣ, ಅದು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುವಂಥದ್ದು, ಒಣ ಹಿಟ್ಟು ಅಡ್ಡ ನಿಲ್ಲುತ್ತದೆ, ನೀರಿನ ಹನಿಗಳು ದಾರಿ ತಪ್ಪಿಸುತ್ತವೆ. ಮೂಗಿನ ತುದಿಯಿಂದ ಕಾಲ್ ಎತ್ತಬಹುದು, ನಮ್ಮಲ್ಲಿ ನಡೆಯುವ ವಿದ್ಯೆ ಅದು.) ಹೊಳೆ ಆಚೆಯ ಅಕ್ಕ, ಮುಂಬಯಿಯ ತಂಗಿ, ಅಮೆರಿಕದ ಮಗಳು ಮೂವರೂ ಅಪ್ಪೆಹುಳಿಗೆ ಇಂಗು ಎಷ್ಟು ಎಂದು ದಿನಗಟ್ಟಲೆ ವಾದ ಮಾಡುತ್ತಾರೆ, ಪಾತ್ರೆಯ ಸದ್ದು, ನಾಯಿ ಬೊಗಳಿದ್ದು ಸಮೇತ.

ಅದೇ ಮಾತನ್ನು ಫೋನು ತಾನೇ ಬರೆದುಕೊಳ್ಳಲಿ ಎಂದು ಬಿಟ್ಟರೆ ಬೇರೆಯೇ ತಮಾಷೆ. ಅದಕ್ಕೆ ಟಿವಿ ವಾರ್ತೆಯ ಕನ್ನಡ ಬರುತ್ತದೆ, ನಮ್ಮ ಹವ್ಯಕರ ಮಾತು ಬಾರದು. ಹಾಲಕ್ಕಿಯವರ ಕನ್ನಡ ಹೇಳಿದರೆ ಅರ್ಧ ವಾಕ್ಯ ನುಂಗುತ್ತದೆ. ಭಟ್ಕಳದ ನವಾಯತಿ, ಕುಮಟೆಯ ಪೇಟೆಯ ಕೊಂಕಣಿ ಕೇಳಿಸಿದರೆ ಏನೇನೋ ಬರೆದು ಕೂರುತ್ತದೆ. ಯಂತ್ರ ತಾನು ಕೇಳಿದ್ದನ್ನೇ ಕಲಿಯುವುದು. ಅದಕ್ಕೆ ಕೇಳಿಸಿದವರು ಯಾರು ಎಂಬುದು ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ವಾಣಿ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿದೆ. ಬೆಂಗಳೂರಿನದ್ದೇ ಆದ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಯ ಹೆಂಗಸರಿಂದ ಫೋನಿಗೆ ಕನ್ನಡ ವಾಕ್ಯ ಓದಿಸಿ ಅದಕ್ಕೆ ಸಂಬಳ ಕೊಟ್ಟಿದೆ. ಮಾತಾಡಿದ್ದಕ್ಕೆ ದುಡ್ಡು ಎಂದರೆ ನಮ್ಮ ಕೇರಿಯಲ್ಲಿ ಯಾರೂ ನಂಬಲಿಲ್ಲ. ನಂಬಿದ ಮೇಲೆ ಎಲ್ಲಿ ಹೆಸರು ಕೊಡಬೇಕು ಎಂದು ಕೇಳಿದರು.

ಇನ್ನೂ ಇವೆ. ಬೆಳಿಗ್ಗೆ ಕುಮಟೆಯ ಮಾರ್ಕೆಟ್ಟಿನ ಅಡಿಕೆ ದರ ಫೋನಿಗೇ ಬರುತ್ತದೆ, ಹಳೇ ಚಾಲಿ ಎಷ್ಟು, ಹೊಸ ಚಾಲಿ ಎಷ್ಟು, ಕೋಕಾ ಎಷ್ಟು. ದರ ಗಂಡಸರಿಗೆ ಮಾತ್ರ ಗೊತ್ತಿದ್ದ ಕಾಲದಲ್ಲಿ ಚೀಲ ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಸಿಗುತ್ತಿದ್ದ ಉತ್ತರವೇ ಬೇರೆ. ಬ್ಲೌಸಿನ ಬೆನ್ನಿನ ಡಿಸೈನು ಫೋಟೊ ಕಳಿಸಿದರೆ ಟೈಲರಕ್ಕ "ಆಗ್ತದೆ, ಲೈನಿಂಗ್ ತನ್ನಿ" ಎನ್ನುತ್ತಾಳೆ. ದಾಸವಾಳದ ಟೊಂಗೆ ಬೇಕಾದವರು ಮೊದಲು ಹೂವಿನ ಚಿತ್ರ ನೋಡಿ ಬಣ್ಣ ಆರಿಸುತ್ತಾರೆ. ಮೀನು ಮಾರುವವಳ ಬುಟ್ಟಿಯ ಪಕ್ಕದ ಯುಪಿಐ ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಎಂದು ಕೂಗಿದಾಗ ಅವಳ ಮುಖ ನೋಡಬೇಕು: ಗಿರಾಕಿಯ ಫೋನಿನ ಪರದೆಯನ್ನು ಕಣ್ಣು ಕಿರಿದು ಮಾಡಿ ಓದುವ ಕೆಲಸ ತಪ್ಪಿತು. ಹುಡುಗರು ಹಳೇ ಸ್ಕ್ರೀನ್‌ಶಾಟ್ ತೋರಿಸಿ ಬಂಗಡೆ ಒಯ್ಯುವುದೂ ನಿಂತಿತು.

ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರಗಳ ಬಗ್ಗೆ ಏನೂ ಬರೆಯುವುದಿಲ್ಲ. ಭಾವಂದಿರು ಈ ಅಂಕಣ ಓದುತ್ತಾರೆ.

ಮುಂಗಾರಿಗೆ ಮೊದಲು ಮಾಡಿಕೊಳ್ಳಬಹುದಾದ ಒಂದು ಕೆಲಸ ಮಾತ್ರ ಹೇಳುತ್ತೇನೆ. ಆಧಾರ್‌ನಲ್ಲಿ ಇರುವುದು ಗಂಡನ ನಂಬರೋ ಮಗನದ್ದೋ ಆಗಿದ್ದರೆ ಬದಲಿಸಿ ನಿಮ್ಮದು ಹಾಕಿಸಿ. 2025ರ ಅಕ್ಟೋಬರಿನಿಂದ ಅದಕ್ಕೆ 75 ರೂಪಾಯಿ. ನಂಬರು ಬದಲಿಸಲು ಹಳೇ ನಂಬರಿನ ಓಟಿಪಿ ಬೇಡ, ಕೇಂದ್ರಕ್ಕೆ ನೀವೇ ಹೋಗಿ ಬೆರಳು ಕೊಟ್ಟರಾಯಿತು. ಬೆರಳು ಬಾರದಿದ್ದರೆ ಕಣ್ಣಿನ ಪಾಪೆಯ ಚಿತ್ರ ತೆಗೆಯಲು ಕೇಳಿ, ಅದಕ್ಕೆ ಅವಕಾಶ ಇದೆ. ಕುಮಟೆಗೆ ಬಸ್ಸು 2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ. ಬೆಳಿಗ್ಗೆಯ ಬಸ್ಸಿಗೇ ಹೋಗಿ, ಮಧ್ಯಾಹ್ನದ ಮೇಲೆ ಟೋಕನ್ ಸಿಗುವುದು ಕಷ್ಟ. ಚಾರ್ಜರು ಚೀಲದಲ್ಲಿರಲಿ.